ಪುರುಷರ ಜರೆ

ಸ್ತ್ರೀಯರಿಗೆ ಮುಟ್ಟು ನಿಲ್ಲುವ ಕಾಲವೆಂಬ ಸ್ಪಷ್ಟವಾದ ಘಟ್ಟವೊಂದುಂಟು. ಪುರುಷರಿಗೆ ಅಂತಹ ಗಡಿಯಿಲ್ಲ. ವೃಷಣಗಳಲ್ಲಿ ಹುಟ್ಟಿ ರಕ್ತದಲ್ಲಿ ಸಂಚರಿಸುವ ಟೆಸ್ಟೊಸ್ಟಿರೋನ್ ಎಂಬ ಸ್ರಾವವು ನಡುವಯಸ್ಸಿನಿಂದ ವರ್ಷಕ್ಕೆ ಸುಮಾರು ನೂರಕ್ಕೆ 1ರಂತೆ ಸದ್ದಿಲ್ಲದೆ ಇಳಿಯುತ್ತ ಹೋಗುವುದು.

ಅರುವತ್ತನಾಲ್ಕನೆಯ ವರ್ಷದಲ್ಲಿ ನನಗೆ ಹಗಲೆಲ್ಲ ತೂಕಡಿಕೆಯೂ ಅಕಾರಣವಾದ ಸಿಡುಕೂ ಪ್ರಾಪ್ತವಾದುವು. ಅಮರಕೋಶದ ಪಾಠಕ್ಕೆ ಬರುವ ಮೊಮ್ಮಗನೂ ನನ್ನ ಮುಖ ನೋಡಿಯೇ ಪುಸ್ತಕ ತೆರೆಯತೊಡಗಿದನು. ದಾಂಪತ್ಯದ ಸಂಗತಿಯನ್ನು ಇಲ್ಲಿ ವಿಸ್ತರಿಸುವುದು ಯುಕ್ತವಲ್ಲ, ಬಲ್ಲವರು ಬಲ್ಲರು. ಮಿತ್ರರು ಇದನ್ನು ವಯೋಧರ್ಮವೆಂದರು. ಮನೆಯಾಕೆ ಮಾತ್ರ, "ವಯಸ್ಸು ನನಗೂ ಆಗಿದೆ, ನಾನೇನು ಮಾತು ಬಿಟ್ಟಿದ್ದೇನೆಯೇ?" ಎಂದು ವೈದ್ಯರಲ್ಲಿಗೆ ಹೊರಡಿಸಿದಳು.

ಹೋದ ಯೌವನವನ್ನು ಮರಳಿ ತರುವ ಆಸೆ ಯಯಾತಿಯಷ್ಟು ಹಳೆಯದು. 1889ರಲ್ಲಿ ಪ್ಯಾರಿಸ್ಸಿನ ಬ್ರೌನ್ ಸೆಕ್ವಾರ್ಡ್ ಎಂಬ ಎಪ್ಪತ್ತೆರಡು ವರ್ಷದ ಶರೀರಶಾಸ್ತ್ರಜ್ಞನು ನಾಯಿ, ಗಿನಿಯಿಲಿಗಳ ವೃಷಣದ ರಸವನ್ನು ತನಗೇ ಚುಚ್ಚಿಕೊಂಡು, ಬಲ ಬಂದಿತೆಂದು ವಿದ್ವತ್ಸಭೆಯಲ್ಲಿ ಸಾರಿದನು. ನೀರಿನಲ್ಲಿ ತೆಗೆದ ಆ ರಸದಲ್ಲಿ ಹಾರ್ಮೋನು ಇದ್ದುದೇ ಅತ್ಯಲ್ಪ. ಬಂದ ಬಲವೆಲ್ಲ ನಂಬಿಕೆಯದು! ನಿಜವಾದ ವಸ್ತುವನ್ನು ಬೇರ್ಪಡಿಸಿದ್ದು 1935ರಲ್ಲಿ. ನಮ್ಮ ಆಯುರ್ವೇದವಾದರೋ ತನ್ನ ಅಷ್ಟಾಂಗಗಳಲ್ಲಿ ರಸಾಯನವನ್ನೂ ವಾಜೀಕರಣವನ್ನೂ ಬೇರೆಬೇರೆಯಾಗಿಯೇ ಎಣಿಸಿತು. ಇಂದಿನ ಜಾಹೀರಾತುಗಾರರು ಎರಡನ್ನೂ ಒಂದೇ ಶೀಶೆಯಲ್ಲಿ ತುಂಬುತ್ತಾರೆ.

ಈ ಸ್ರಾವವು ಬೆಳಗ್ಗೆ ಹೆಚ್ಚು, ಸಂಜೆ ಕಡಿಮೆ. ಆದಕಾರಣ ಎರಡು ಬೇರೆ ದಿನಗಳ ಮುಂಜಾನೆ ರಕ್ತ ತೆಗೆದರು. ಡೆಸಿಲೀಟರಿಗೆ 300 ನ್ಯಾನೋಗ್ರಾಮಿಗಿಂತ ಕೆಳಗಿದ್ದರೆ ಕಡಿಮೆಯೆಂದು ಅನೇಕರು ಎಣಿಸುವರಂತೆ. ನನ್ನದು ಒಮ್ಮೆ 286, ಇನ್ನೊಮ್ಮೆ 331. ವೈದ್ಯರು ನನ್ನನ್ನು ಬಿಟ್ಟು ಮನೆಯಾಕೆಯನ್ನು ಪ್ರಶ್ನಿಸಿದರು. ಗೊರಕೆಯ ನಡುವೆ ಉಸಿರು ನಿಲ್ಲುವುದನ್ನು ಆಕೆ ಹೇಳಿದಳು. ಅದು ನನಗೆ ಹೊಸ ಸಮಾಚಾರ! ಆಕೆ ಎಷ್ಟೋ ರಾತ್ರಿ ಕುಳಿತು ನನ್ನ ಉಸಿರನ್ನು ಎಣಿಸಿದ್ದಳಂತೆ.

ಕೆಟ್ಟ ನಿದ್ರೆ, ಹೊಟ್ಟೆಯ ಕೊಬ್ಬು, ಸಕ್ಕರೆ ರೋಗ ಇವೆಲ್ಲ ಈ ಸ್ರಾವವನ್ನು ತಗ್ಗಿಸುವುವು. ಚುಚ್ಚುಮದ್ದು ನಿಜವಾದ ಕೊರತೆಯುಳ್ಳವರಿಗೆ ಹಿತವೇ ಸರಿ. ಆದರೆ ಅದರಿಂದ ರಕ್ತ ಗಟ್ಟಿಯಾಗಬಹುದು, ಸಂತಾನಶಕ್ತಿ ಕುಗ್ಗುವುದು. ಐದು ಸಾವಿರಕ್ಕೂ ಹೆಚ್ಚು ಪುರುಷರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೃದಯಾಘಾತ ಹೆಚ್ಚಲಿಲ್ಲ. ಹೃದಯದ ತಾಳ ತಪ್ಪುವುದೂ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದೂ ತುಸು ಹೆಚ್ಚಿದುವು.

ಸದ್ಯಕ್ಕೆ ಚುಚ್ಚುಮದ್ದು ಬೇಡವೆಂದಾಗಿದೆ. ಮುಂಜಾನೆ ನಡಿಗೆ, ರಾತ್ರಿ ಮೂಗಿಗೆ ಗಾಳಿಯೂದುವ ಯಂತ್ರ. ಅದನ್ನು ತೊಟ್ಟಾಗ ನಾನು ಗಣಪತಿಯಂತೆ ಕಾಣುವೆನೆಂದು ಮೊಮ್ಮಗನ ಅಭಿಪ್ರಾಯ. ಮನೆಯಾಕೆ ಈಗ ನನಗಿಂತ ಮುಂಚೆ ನಿದ್ದೆಹೋಗುತ್ತಾಳೆ. ಮರುಪರೀಕ್ಷೆ ಮಾಘಮಾಸದಲ್ಲಿ.