ಬೇಳದ ಹಬ್ಬದೂಟ

ಕುಂಬಳೆಯಿಂದ ಒಳನಾಡಿಗೆ ಹೊರಟರೆ ಬೇಳದಲ್ಲಿ 1890ರ ಶೋಕಮಾತಾ ದೇವಾಲಯ ಸಿಗುತ್ತದೆ. ಅಲ್ಲಿ ಕ್ರಿಸ್ಮಸ್ ಪೂಜೆ ಮುಗಿಸಿ ನಾವು ದಂಪತಿ ತಂಗಿಯ ಮನೆಗೆ ಹೋದೆವು. ಎಲೆ ತುಂಬ ಸಾನ್ನ, ಹಂದಿಮಾಂಸ, ಕರಿದ ನೆವ್ರಿ. ನಮ್ಮಿಬ್ಬರಿಗೂ ಸಕ್ಕರೆ ಕಾಯಿಲೆ!

ಕಳೆದ ವರ್ಷ ಊಟವಾಗಿ ಎರಡು ಗಂಟೆಗೆ ನೋಡಿದಾಗ ಸಕ್ಕರೆ 150 ಇತ್ತು, ನಿಶ್ಚಿಂತೆಯಿಂದಿದ್ದೆವು. ರಾತ್ರಿ 280! ಕೊಬ್ಬಿನಿಂದ ಜೀರ್ಣಕ್ರಿಯೆ ನಿಧಾನವಾಗುತ್ತದೆ, ಆದ್ದರಿಂದ ಸಕ್ಕರೆ ತಡವಾಗಿ ಏರಿ ಹೆಚ್ಚು ಹೊತ್ತು ನಿಲ್ಲುತ್ತದೆಂದು ವೈದ್ಯರು ತಿಳಿಸಿದರು. ಔಷಧಿಯನ್ನು ನಾವೇ ಹೆಚ್ಚು ಕಡಿಮೆ ಮಾಡಬಾರದೆಂದೂ ಎಚ್ಚರಿಸಿದರು.

ಈ ಸಲ ಮೊದಲು ತರಕಾರಿ, ಆಮೇಲೆ ಎರಡೇ ಸಾನ್ನ, ಒಂದೇ ನೆವ್ರಿ. ಊಟವಾದ ಮೇಲೆ ಅಡಿಕೆ ತೋಟದಲ್ಲಿ ನಡೆದಾಡಿದೆವು. ಐದು ಗಂಟೆ ಕಳೆದು ಮತ್ತೊಮ್ಮೆ ಪರೀಕ್ಷಿಸಿದೆವು, ಇಬ್ಬರದೂ ಹತೋಟಿಯಲ್ಲಿತ್ತು.

ಹೊರಡುವಾಗ ತಂಗಿ ನೆವ್ರಿಯ ಪೊಟ್ಟಣ ಕೈಗಿತ್ತಳು: “ಅಕ್ಕಾ, ನೆರೆಮನೆಯ ಮಕ್ಕಳಿಗೆ!”