ಸಂಖ್ಯೆಯೂ ಸ್ವರೂಪವೂ

ಕೇವಲ ಒಂದು ಸಂಖ್ಯೆಯನ್ನು ಕೇಳಿ ಒಂದು ರಚನೆಯ ಸ್ವರೂಪವನ್ನೆಲ್ಲ ಹೇಳಲು ಸಾಧ್ಯವೆ? ಹೈನ್ಸ್ ಹಾಪ್ಫ್ ಅವರ 1941ರ ಲೇಖನದಿಂದ ಹೆಸರು ಪಡೆದ ಬೀಜಗಣಿತಗಳ ವರ್ಗೀಕರಣದ ಹಿಂದೆ ಇರುವುದು ಈ ಪ್ರಶ್ನೆಯೇ. ಅವುಗಳಲ್ಲಿ ಎರಡನ್ನು ಸೇರಿಸಿ ಒಂದಾಗಿಸುವ ಗುಣಾಕಾರವಿರುವಂತೆಯೇ ಒಂದನ್ನು ಬಿಡಿಸಿ ಜೋಡಿಯಾಗಿಸುವ ಸಹಗುಣಾಕಾರವೂ ಉಂಟು. ಯಾವುದರ ನಿರೂಪಣೆಗಳೆಲ್ಲವೂ ಒಡೆಯಲಾಗದ ಸರಳ ಭಾಗಗಳ ಮೊತ್ತವಾಗುವುವೋ ಅದು ಅರೆಸರಳ.

ಸಮಭುಜ ತ್ರಿಕೋನವನ್ನು ತಿರುಗಿಸಿ ಅದರ ನೆಲೆಗೇ ತರುವ ವಿಧಗಳು, ತಿರುಗಿಸದೆ ಬಿಡುವುದೂ ಸೇರಿ, ಮೂರು. ಈ ಸಮೂಹದಿಂದ ಹುಟ್ಟುವ ಬೀಜಗಣಿತದ ಆಯಾಮ 3. ಸಂಕೀರ್ಣ ಸಂಖ್ಯೆಗಳ ಮೇಲೆ ಆ ಆಯಾಮದ ಹಾಪ್ಫ್ ಬೀಜಗಣಿತ ಬೇರೊಂದಿಲ್ಲ. ಎಲ್ಲ ಅವಿಭಾಜ್ಯ ಸಂಖ್ಯೆಗಳಿಗೂ ಹೀಗೆಯೇ ಎಂದು ಇರ್ವಿಂಗ್ ಕಪ್ಲಾನ್ಸ್ಕಿ 1975ರಲ್ಲಿ ಊಹಿಸಿದರು. ಹೇಳಲು ಒಂದೇ ಸಾಲು. ಸಾಧಿಸಲು ಹತ್ತೊಂಬತ್ತು ವರ್ಷ. 1994ರಲ್ಲಿ ಯಾಂಗ್‌ಚಾಂಗ್ ಝು ಅದನ್ನು ಸಾಧಿಸಿದರು. ಅದೂ ಅರೆಸರಳತೆಯನ್ನು ಮೊದಲೇ ಬೇಡದೆ.

8ಕ್ಕೆ ಬಂದಾಗ ಈ ನೇರ ಮುರಿಯುತ್ತದೆ. ಸಮೂಹದ ಬೀಜಗಣಿತವೂ ಅಲ್ಲದ, ಅದರ ದ್ವಂದ್ವರೂಪವೂ ಅಲ್ಲದ ಒಂದನ್ನು ಕಾಟ್ಸ್ ಮತ್ತು ಪಾಲ್ಯುಟ್ಕಿನ್ 1966ರಲ್ಲಿಯೇ ಕಟ್ಟಿದ್ದರು. ಆ ಆಯಾಮದಲ್ಲಿ ಅಂಥ ಅರೆಸರಳ ಬೀಜಗಣಿತ ಅದೊಂದೇ ಎಂದು ಅಕಿರಾ ಮಸುವೊಕ 1995ರಲ್ಲಿ ತೋರಿಸಿದರು. ನಿಯಮಕ್ಕಿಂತ ಈ ಅಪವಾದವೇ ವರ್ಗೀಕರಣಕ್ಕೆ ಜೀವ ತುಂಬಿತೆನ್ನಬೇಕು.

ಕಪ್ಲಾನ್ಸ್ಕಿಯವರ ಇನ್ನೊಂದು ಊಹೆಯಂತೆ, ಅರೆಸರಳ ಹಾಪ್ಫ್ ಬೀಜಗಣಿತದ ಪ್ರತಿಯೊಂದು ಸರಳ ನಿರೂಪಣೆಯ ಆಯಾಮವೂ ಇಡಿಯ ಆಯಾಮವನ್ನು ಶೇಷವಿಲ್ಲದೆ ಭಾಗಿಸಬೇಕು. ಸಮೂಹಗಳ ಮಟ್ಟಿಗೆ ಇದನ್ನು ಫ್ರೊಬೇನಿಯಸ್ 19ನೆಯ ಶತಮಾನದಲ್ಲಿಯೇ ಸಾಧಿಸಿದ್ದರು. ಕಪ್ಲಾನ್ಸ್ಕಿ 2006ರಲ್ಲಿ ತೀರಿಕೊಂಡರು. ಅವರ ಊಹೆಗೆ ಪೂರ್ಣ ಸಾಧನೆಯೂ ದೊರೆತಿಲ್ಲ, ಅದನ್ನು ಕೆಡಹುವ ಉದಾಹರಣೆಯೂ ದೊರೆತಿಲ್ಲ.