ಬಿದ್ದುದನ್ನು ಎತ್ತಿಕೊಳ್ಳುವ ಕೈ

ದಾರಿಯಲ್ಲಿ ಬಿದ್ದ ವಸ್ತುವೊಂದು ಕಂಡಾಗ ಮೊದಲು ಕಣ್ಣು ಅತ್ತ ಹೋಗುತ್ತದೆ, ಅನಂತರ ಕೈ ಹೋಗುತ್ತದೆ. ವಿವೇಕವು ಎಲ್ಲಕ್ಕಿಂತ ತಡವಾಗಿ ಬರುತ್ತದೆ. ಪ್ರಿಯ ವಾಚಕರೆ, ಇದು ನಿಮ್ಮ ಅನುಭವವೂ ಆಗಿರಬಹುದು. ಮೂವತ್ತು ವರ್ಷಗಳಿಗೂ ಹಿಂದೆ ಹೀಗೆ ತಡವಾದ ನಮ್ಮ ವಿವೇಕವು ಕಳೆದ ಮೇ ತಿಂಗಳಲ್ಲಿ ಕಡಬದ ಒಂದು ಮನೆಯ ಜಗಲಿಯ ಮೇಲೆ ಬಂದು ತಲುಪಿತು. ಅದನ್ನು ತಂದುಕೊಟ್ಟದ್ದು ಹುಡುಗನೊಬ್ಬನು ಆಡುತ್ತಿದ್ದ ಕಂಪ್ಯೂಟರಿನ ಆಟವೆಂದರೆ ನೀವು ನಗಬಹುದು. ಆದರೂ ನಡೆದುದನ್ನು ನಡೆದಂತೆಯೇ ಬರೆಯುತ್ತೇವೆ.

ಪುತ್ತೂರಿನಲ್ಲಿ ಒಂದು ಸಾಹಿತ್ಯಗೋಷ್ಠಿಗೆ ಹೋಗಿದ್ದೆವು. ಗೋಷ್ಠಿ ಮುಗಿದ ಸಂಜೆ, ಮೈಸೂರಿನಲ್ಲಿ ನಮ್ಮೊಡನೆ ಎಂ.ಎ. ಓದಿದ ಮಿತ್ರರೊಬ್ಬರು ತಮ್ಮ ಮನೆಗೆ ಕರೆದೊಯ್ದರು. ಕುಮಾರಧಾರೆಯು ನೇತ್ರಾವತಿಯನ್ನು ಕೂಡಿಕೊಳ್ಳುವ ಉಪ್ಪಿನಂಗಡಿಯನ್ನು ದಾಟಿ, ಹಿಂದೆ ಪುತ್ತೂರು ತಾಲೂಕಿಗೇ ಸೇರಿದ್ದ ಕಡಬದ ಕಡೆಗೆ ಪ್ರಯಾಣ. ಅಡಿಕೆ ತೋಟದ ನಡುವೆ ಹೆಂಚಿನ ಮನೆ. ಮನೆಯಲ್ಲಿ ಮಿತ್ರರ ವೃದ್ಧ ತಾಯಿ, ಪತ್ನಿ, ಸುಳ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗ. ಹುಡುಗನು ಬಂದು ನಮಸ್ಕರಿಸಿದನಾದರೂ ಅವನ ಮುಖದಲ್ಲಿ ಕಳೆಯಿರಲಿಲ್ಲ. ಕಾರಣವನ್ನು ಅಜ್ಜಿಯೇ ಹೇಳಿದರು: “ಅವನೂ ಅವನ ಹಾಸ್ಟೆಲಿನ ದೋಸ್ತಿಯೂ ಮಾತು ಬಿಟ್ಟು ತಿಂಗಳಾಯಿತು ಸ್ವಾಮೀಜಿ. ಯಾವುದೋ ಒಂದು ಕೋಲಿಗೋಸ್ಕರವಂತೆ. ಅದೂ ಇಲ್ಲದ ಕೋಲು!”

ಇಲ್ಲದ ಕೋಲಿಗಾಗಿ ಇರುವ ಸ್ನೇಹವು ಮುರಿಯುವುದು ಹೇಗೆಂದು ನಮಗೆ ಕುತೂಹಲವಾಯಿತು. ಹುಡುಗನು ಮೊದಲು ಸಂಕೋಚಪಟ್ಟು, ಆಮೇಲೆ ತನ್ನ ಲ್ಯಾಪ್‌ಟಾಪನ್ನು ತಂದು ಎಲ್ಲವನ್ನೂ ವಿವರಿಸಿದನು. ಆಟದ ಹೆಸರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ೨೦೦೪ರ ನವೆಂಬರಿನಲ್ಲಿ ಅಮೆರಿಕದ ಬ್ಲಿಝಾರ್ಡ್ ಸಂಸ್ಥೆಯವರು ಹೊರತಂದದ್ದು. ೨೦೧೯ರಲ್ಲಿ ಅದರ ಹಳೆಯ ರೂಪವನ್ನು ‘ಕ್ಲಾಸಿಕ್’ ಎಂಬ ಹೆಸರಿನಿಂದ ಮತ್ತೆ ತೆರೆದರು. ಇವರು ಆಡುತ್ತಿದ್ದುದು ಅದನ್ನು. ಬೇರೆ ಬೇರೆ ಊರುಗಳಲ್ಲಿ ಕುಳಿತ ಐವರು ಅಂತರ್ಜಾಲದ ಮೂಲಕ ಒಂದು ಗುಂಪಾಗಿ ಗುಹೆಯನ್ನು ಹೊಗುತ್ತಾರೆ. ಒಬ್ಬನು ಗುರಾಣಿ ಹಿಡಿದು ಏಟುಗಳನ್ನು ತನ್ನ ಮೈಮೇಲೆ ತೆಗೆದುಕೊಳ್ಳಬೇಕು. ಒಬ್ಬನು ಗಾಯಗಳನ್ನು ಮಾಯಿಸುತ್ತಿರಬೇಕು. ಉಳಿದ ಮೂವರು ಹೊಡೆಯಬೇಕು. ಒಬ್ಬನು ತಪ್ಪಿದರೆ ಐವರೂ ಸತ್ತಂತೆ. ರಾಕ್ಷಸನು ಸತ್ತಾಗ ಅವನಿಂದ ಕತ್ತಿ, ಕವಚ, ದಂಡ ಮೊದಲಾದ ವಸ್ತುಗಳು ದೊರೆಯುತ್ತವೆ. ಇದಕ್ಕೆ ಅವರು ‘ಲೂಟ್’ ಎನ್ನುತ್ತಾರೆ. ಕೊಂದವರು ಐವರು, ಸಿಕ್ಕಿದ ವಸ್ತು ಒಂದು. ಅದು ಯಾರಿಗೆ?

ಈ ಪ್ರಶ್ನೆ ಆ ಲೋಕದಲ್ಲಿ ಹಳೆಯದಂತೆ. ೨೦೦೦ದಲ್ಲಿ ಬಂದ ಡಯಾಬ್ಲೊ ಆಟದ ಎರಡನೆಯ ಕಂತಿನಲ್ಲಿ ವಸ್ತುಗಳು ನೆಲದ ಮೇಲೆಯೇ ಬೀಳುತ್ತಿದ್ದುವು. ಯಾರ ಬೆರಳು ಚುರುಕೋ ಅವರದೇ ಸೊತ್ತು. ೧೯೯೯ರ ಎವರ್‌ಕ್ವೆಸ್ಟ್ ಎಂಬ ಆಟದಲ್ಲಿ ಆಟಗಾರರೇ ಕೂಡಿ, ಯಾರು ಎಷ್ಟು ಸಲ ಬಂದು ದುಡಿದರೆಂದು ಲೆಕ್ಕ ಬರೆದಿಟ್ಟು, ಅಂಕಗಳನ್ನು ಕೊಟ್ಟು, ಆ ಅಂಕಗಳಿಂದ ವಸ್ತುವನ್ನು ಕೊಳ್ಳುವ ಪದ್ಧತಿಯನ್ನು ಮಾಡಿಕೊಂಡರು. ಅಲ್ಲಿದ್ದ ಇಬ್ಬರು ಡ್ರಾಗನ್ನುಗಳ ದೆಸೆಯಿಂದ ಅದಕ್ಕೆ ‘ಡ್ರಾಗನ್ ಕಿಲ್ ಪಾಯಿಂಟ್ಸ್’ ಎಂದೇ ಹೆಸರಾಯಿತು. ಯಾವ ಸರಕಾರವೂ ಯಾವ ಪೋಲೀಸರೂ ಇಲ್ಲದ ಕಡೆಯಲ್ಲಿ ಮನುಷ್ಯರು ತಾವೇ ಕುಳಿತು ನ್ಯಾಯವನ್ನು ಕಟ್ಟಿಕೊಂಡರಲ್ಲ ಎಂದು ನಮಗೆ ಸಂತೋಷವಾಯಿತು.

ಈ ಹುಡುಗರ ಆಟದಲ್ಲಿ ಕ್ರಮ ಬೇರೆ. ಬೆಲೆಯುಳ್ಳ ವಸ್ತು ದೊರೆತಾಗ ಐವರ ಎದುರಿಗೂ ಮೂರು ಗುಂಡಿಗಳು ಮೂಡುತ್ತವೆ. ಒಂದು ‘ನೀಡ್’, ಎಂದರೆ ನನಗೆ ಬೇಕು. ಇನ್ನೊಂದು ‘ಗ್ರೀಡ್’, ಎಂದರೆ ನನಗೆ ಆಸೆ. ಮೂರನೆಯದು ‘ಪಾಸ್’, ಎಂದರೆ ಬಿಟ್ಟೆ. ಬೇಕೆಂದವನಿಗೆ ಆಸೆಯೆಂದವನಿಗಿಂತ ಮೊದಲ ಹಕ್ಕು. ಇಬ್ಬರು ಬೇಕೆಂದರೆ ಯಂತ್ರವು ದಾಳವನ್ನು ಉರುಳಿಸುತ್ತದೆ. ೧ರಿಂದ ೧೦೦ರ ವರೆಗೆ ಯಾರಿಗೆ ಹೆಚ್ಚು ಬಿದ್ದಿತೋ ವಸ್ತು ಅವರದು. ಆದರೆ ನಿಜವಾಗಿ ಬೇಕೇ ಬೇಡವೇ ಎಂಬುದನ್ನು ಯಂತ್ರವು ವಿಚಾರಿಸುವುದಿಲ್ಲ. ಅದನ್ನು ಒತ್ತುವವನ ಮನಸ್ಸಿಗೇ ಬಿಟ್ಟಿದ್ದಾರೆ. ಬೇಡದಿದ್ದರೂ ಬೇಕೆಂದು ಒತ್ತಿ ಹೊಡೆದುಕೊಳ್ಳುವವನನ್ನು ಜಪಾನಿನ ಹಳೆಯ ಗೂಢಚಾರರ ಹೆಸರಿನಿಂದ ‘ನಿಂಜಾ’ ಎಂದು ಬೈಯುತ್ತಾರೆ. ಅಂಥವನನ್ನು ಮುಂದೆ ಯಾರೂ ಗುಂಪಿಗೆ ಕರೆಯುವುದಿಲ್ಲ.

ನಮ್ಮ ಹುಡುಗನದು ಗುರಾಣಿಯ ಪಾತ್ರ. ಅವನ ಹುಬ್ಬಳ್ಳಿಯ ಗೆಳೆಯನದು ಗಾಯ ಮಾಯಿಸುವ ಪಾತ್ರ. ಆ ಪಾತ್ರಕ್ಕೇ ಹೇಳಿ ಮಾಡಿಸಿದಂಥ ಒಂದು ದಂಡಕ್ಕಾಗಿ ಗೆಳೆಯನು ಹದಿನೈದು ದಿನ ಅದೇ ಗುಹೆಗೆ ಹೋಗಿ ಬಂದಿದ್ದನು. ಕೊನೆಗೊಂದು ರಾತ್ರಿ ಅದು ದೊರೆಯಿತು. ಇವನು ‘ಬೇಕು’ ಎಂದು ಒತ್ತಿದನು. ದಾಳದಲ್ಲಿ ಇವನಿಗೇ ಹೆಚ್ಚು ಬಂತು. ಮರುದಿನ ಅದನ್ನು ಆಟದೊಳಗಿನ ಅಂಗಡಿಗೆ ಮಾರಿಬಿಟ್ಟನು. ಅಂಥ ವಸ್ತು ಒಮ್ಮೆ ಒಬ್ಬನ ಕೈಗೆ ಅಂಟಿಕೊಂಡು ಸ್ವಲ್ಪ ಹೊತ್ತು ಕಳೆಯಿತೆಂದರೆ ಇನ್ನೊಬ್ಬನಿಗೆ ಕೊಡಲು ಬರುವುದೂ ಇಲ್ಲವಂತೆ.

“ನಾನು ಮೋಸ ಮಾಡಲಿಲ್ಲ ಸ್ವಾಮೀಜಿ. ಆಟದ ನಿಯಮದಲ್ಲಿ ಯಾರು ಬೇಕಾದರೂ ಒತ್ತಬಹುದು. ಅದು ಬರೀ ಆಟ ಅಲ್ವಾ?” ಎಂದು ಹುಡುಗನು ಕೇಳಿದನು.

ಉತ್ತರವಾಗಿ ಆಯ್ದಕ್ಕಿ ಮಾರಯ್ಯನವರ ಕಥೆಯು ನಮ್ಮ ನಾಲಗೆಯ ತುದಿಗೆ ಬಂದಿತ್ತು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ಶರಣರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕ ಮಾಡಿಕೊಂಡಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದುದನ್ನು ಕಂಡು ಪತ್ನಿ ಲಕ್ಕಮ್ಮನು ಆ ಹೆಚ್ಚಳವನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಹಿಂದಕ್ಕೆ ಕಳುಹಿಸಿದಳು. ಬಿದ್ದ ಅಕ್ಕಿ, ಕೇಳುವವರಿಲ್ಲ, ಕದ್ದದ್ದೂ ಅಲ್ಲ. ಆದರೂ ಬೇಕಾದುದೆಷ್ಟು, ಆಸೆಯದೆಷ್ಟು ಎಂದು ಆ ತಾಯಿಯ ಕೈಗೆ ತೂಕ ತಿಳಿದಿತ್ತು. ಈ ಕಥೆಯನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇವೆ. ಅಂದು ಮಾತ್ರ ಹೇಳಲಾಗಲಿಲ್ಲ. ಏಕೆಂದರೆ ಎದುರಿಗೆ ಹುಡುಗನ ತಂದೆ ಕುಳಿತಿದ್ದರು. “ಬೆಳಿಗ್ಗೆ ಮಾತಾಡೋಣ” ಎಂದು ಎದ್ದೆವು. ರಾತ್ರಿ ಮಳೆ ಗಾಳಿ ಜೋರಾಗಿತ್ತು. ನಮಗೆ ನಿದ್ರೆ ಬರಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಅಜ್ಜಿ ಬುಟ್ಟಿ ಹಿಡಿದು ಹೊರಟಿದ್ದರು. ತೋಟದ ಅಂಚಿನಲ್ಲಿ ದೊಡ್ಡದೊಂದು ಕಾಟು ಮಾವಿನ ಮರ. ರಾತ್ರಿಯ ಗಾಳಿಗೆ ನಿಂಬೆಗಿಂತ ತುಸು ದೊಡ್ಡದಾದ ಹಣ್ಣುಗಳು ನೆಲದ ತುಂಬ ಉದುರಿದ್ದುವು. ನಾವೂ ಹುಡುಗನೂ ಹಿಂದೆ ಹೋದೆವು. ಈ ಹಣ್ಣುಗಳು ಯಾರಿಗೆ ಸೇರಿದುವೆಂದು ಕೇಳಿದಾಗ ಅಜ್ಜಿ, “ಬಿದ್ದ ಹಣ್ಣು ಹೆಕ್ಕಿದವರದ್ದು. ಜಾಗ ಯಾರದ್ದೆಂದು ಕೇಳುವ ಕ್ರಮ ಇಲ್ಲ. ಆದರೆ ಕಲ್ಲು ಹೊಡೆಯಬಾರದು. ಇನ್ನೊಬ್ಬರು ಹೆಕ್ಕುತ್ತಿದ್ದರೆ ಅವರ ಕಾಲಬುಡದ ಹಣ್ಣಿಗೆ ಕೈ ಹಾಕಬಾರದು” ಎಂದರು. ಅಷ್ಟರಲ್ಲಿ ತೋಟದ ಕೆಲಸದವರ ಪುಟ್ಟ ಹುಡುಗಿಯೊಬ್ಬಳು ಚೀಲ ಹಿಡಿದು ಬಂದು ದೂರದಲ್ಲಿ ನಿಂತಳು. ಅಜ್ಜಿಯ ಬುಟ್ಟಿ ಅರ್ಧವೂ ತುಂಬಿರಲಿಲ್ಲ. ಅವರು ಸೊಂಟ ಹಿಡಿದುಕೊಂಡು ಎದ್ದು, “ನನಗೆ ಇವತ್ತಿನ ಗೊಜ್ಜಿಗೆ ಸಾಕು. ನೀನು ಹೆಕ್ಕು ಮಗಾ” ಎಂದು ಹೇಳಿ ಮನೆಯ ಕಡೆಗೆ ನಡೆದರು.

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಿ ‘ಪಾಸ್’ ಒತ್ತಿದರು” ಎಂದನು.

ಇನ್ನು ನಾವು ಸುಮ್ಮನಿರುವುದು ಸರಿಯಲ್ಲವೆನಿಸಿತು. ಜಗಲಿಗೆ ಬಂದು ಮಿತ್ರರನ್ನೂ ಕೂರಿಸಿಕೊಂಡು ನಮ್ಮ ಕಥೆಯನ್ನು ಹೇಳಿದೆವು. ಮೈಸೂರಿನಲ್ಲಿ ಓದುತ್ತಿದ್ದಾಗ, ನಾವಿನ್ನೂ ಪೀಠಕ್ಕೆ ಬಂದಿರಲಿಲ್ಲ. ಊರು ಬಿಡುತ್ತಿದ್ದ ಹಿರಿಯ ವಿದ್ವಾಂಸರೊಬ್ಬರು ತಮ್ಮ ಪುಸ್ತಕಗಳನ್ನು ಪಡಸಾಲೆಯಲ್ಲಿ ಹರಡಿ, ಬೇಕಾದವರು ತೆಗೆದುಕೊಳ್ಳಿರೆಂದು ವಿದ್ಯಾರ್ಥಿಗಳಿಗೆ ಹೇಳಿದರು. ಅದರಲ್ಲಿ ಕಿಟೆಲರ ನಿಘಂಟು ಇತ್ತು; ೧೮೯೪ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಪ್ರಕಟಿಸಿದ, ೧೭೦೦ಕ್ಕೂ ಮಿಕ್ಕ ಪುಟಗಳ ಆ ಮಹಾಗ್ರಂಥ. ಈ ಮಿತ್ರರು ಅದಕ್ಕಾಗಿ ಹಳೆಯ ಪುಸ್ತಕದ ಅಂಗಡಿಗಳನ್ನೆಲ್ಲ ಅಲೆದಿದ್ದುದು ನಮಗೆ ತಿಳಿದಿತ್ತು. ನಮ್ಮ ಬಳಿ ಮಠದಿಂದ ತಂದ ಪ್ರತಿಯೊಂದು ಆಗಲೇ ಇತ್ತು. ಆದರೂ ಅವರ ಕೈ ಚಾಚುವ ಮೊದಲೇ ನಮ್ಮ ಕೈ ಚಾಚಿತು. ಬೇಕೆಂದು ಹೇಳಿ ತೆಗೆದುಕೊಂಡೆವು. ಬೇಕಾಗಿರಲಿಲ್ಲ. ಎರಡು ಪ್ರತಿಗಳಲ್ಲಿ ಒಂದನ್ನು ಇಂದಿನವರೆಗೂ ತೆರೆದಿಲ್ಲ.

ಮಿತ್ರರು ನಕ್ಕರು. “ಅದು ನನಗೆ ಅಂದೇ ಗೊತ್ತಿತ್ತು ಸ್ವಾಮೀಜಿ. ನಿಮ್ಮ ಕೋಣೆಯ ಮೇಜಿನ ಮೇಲೆ ಮಠದ ಪ್ರತಿಯನ್ನು ನೋಡಿದ್ದೆ” ಎಂದರು. ಮೂವತ್ತು ವರ್ಷ ಆ ಮಾತನ್ನು ಅವರು ಆಡಿರಲಿಲ್ಲ. ಬೈದಿದ್ದರೆ ನಮಗೆ ಇಷ್ಟು ಭಾರವಾಗುತ್ತಿರಲಿಲ್ಲ.

ವಾಚಕರೆ, ಆಸೆಯುಂಟೆಂದು ಒಪ್ಪಿ ‘ಆಸೆ’ಯ ಗುಂಡಿಯನ್ನೇ ಒತ್ತುವವನಲ್ಲಿ ನಮಗೆ ಈಗ ದೋಷ ಕಾಣುವುದಿಲ್ಲ. ಅವನು ಪ್ರಾಮಾಣಿಕನು. ಆಸೆಗೆ ‘ಬೇಕು’ ಎಂಬ ಹೆಸರಿಟ್ಟು ಪಕ್ಕದವನ ನಿಜವಾದ ಬೇಕನ್ನು ತಳ್ಳಿಹಾಕುವಲ್ಲಿ ದೋಷವಿದೆ. ನಮ್ಮ ನಿಘಂಟಿನಲ್ಲಿಯೂ ಹುಡುಗನ ದಂಡದಲ್ಲಿಯೂ ನಡೆದುದು ಅದೊಂದೇ. ವಸ್ತುವು ಇರುವುದೋ ಇಲ್ಲದುದೋ ಎಂಬುದು ಇಲ್ಲಿ ಮುಖ್ಯವಾಗುವುದಿಲ್ಲ. ನೊಂದ ಗೆಳೆಯನು ಮಾತ್ರ ಎರಡು ಕಡೆಯಲ್ಲಿಯೂ ಇರುವವನೇ.

ಇಂಥ ಜಗಳಗಳನ್ನು ತಪ್ಪಿಸಲು ಆಟ ಕಟ್ಟುವವರು ಬೇರೆ ಉಪಾಯವನ್ನೂ ಮಾಡಿದ್ದಾರೆಂದು ಹುಡುಗನು ಹೇಳಿದನು. ೨೦೧೨ರಲ್ಲಿ ಬಂದ ಡಯಾಬ್ಲೊದ ಮೂರನೆಯ ಕಂತಿನಲ್ಲಿ ಪ್ರತಿಯೊಬ್ಬನಿಗೂ ಅವನವನ ವಸ್ತು ಬೇರೆಯಾಗಿ ಬೀಳುತ್ತದೆ. ಇನ್ನೊಬ್ಬನ ಪಾಲು ಕಣ್ಣಿಗೇ ಕಾಣದು. ವಾರ್‌ಕ್ರಾಫ್ಟಿನ ಹೊಸ ರೂಪದಲ್ಲಿಯೂ ೨೦೧೮ರಲ್ಲಿ ಅದನ್ನೇ ಕಡ್ಡಾಯ ಮಾಡಿದರು. ೨೦೨೨ರಲ್ಲಿ ದೊಡ್ಡ ಗುಂಪಿನ ಯುದ್ಧಗಳಿಗೆ ಹಳೆಯ ಕ್ರಮವನ್ನೇ ಮರಳಿ ತಂದರು. ಜಗಳವಿಲ್ಲದ ಕ್ರಮವು ಒಳ್ಳೆಯದೇ. ಅಪರಿಚಿತರ ನಡುವೆ ಅದು ಬೇಕಾದೀತು. ಆದರೆ ಪಕ್ಕದವನ ಪಾಲು ಕಾಣದ ಕಡೆಯಲ್ಲಿ ಅವನಿಗಾಗಿ ಬಿಟ್ಟುಕೊಡುವ ಸಂದರ್ಭವೂ ಬಾರದು. ಆ ಅಜ್ಜಿಗೂ ಆ ಮಗುವಿಗೂ ಬೇರೆ ಬೇರೆ ಮರಗಳಿದ್ದಿದ್ದರೆ, ಅಜ್ಜಿ ಅರ್ಧ ಬುಟ್ಟಿಗೆ ಏಳುತ್ತಿರಲಿಲ್ಲ. ಆ ಹುಡುಗನಿಗೆ ಅಂದು ತಿಳಿದುದು ತಿಳಿಯುತ್ತಲೂ ಇರಲಿಲ್ಲ.

ಮಠಕ್ಕೆ ಮರಳಿದ ವಾರದಲ್ಲಿ, ತೆರೆಯದ ಆ ನಿಘಂಟಿನ ಧೂಳು ಒರಸಿ ಪುತ್ತೂರಿಗೆ ಹೋಗುವ ಭಕ್ತರೊಬ್ಬರ ಕೈಯಲ್ಲಿ ಕಳುಹಿಸಿದೆವು. ಮಿತ್ರರಿಂದ ಕಾಗದ ಬಂದಿದೆ. ಪುಸ್ತಕ ತಲುಪಿದೆ, ಕೊನೆಯ ಕೆಲವು ಹಾಳೆಗಳನ್ನು ಹುಳು ತಿಂದಿದೆ. ಮಗನು ಹುಬ್ಬಳ್ಳಿಯ ಗೆಳೆಯನಿಗೆ ತಾನಾಗಿ ಫೋನು ಮಾಡಿದನಂತೆ. ಅವನು ಮೊದಲು ಚೆನ್ನಾಗಿ ಬೈದನಂತೆ, ಆಮೇಲೆ ಮಾತಾಡಿದನಂತೆ. ಆ ದಂಡಕ್ಕಾಗಿ ಇಬ್ಬರೂ ಮತ್ತೆ ಅದೇ ಗುಹೆಗೆ ಹೋಗುತ್ತಿದ್ದಾರೆ, ಇನ್ನೂ ಸಿಕ್ಕಿಲ್ಲವಂತೆ.